ಕಂಪ್ರೆಸರ್‌ನೊಳಗಿನ ಕಾಣದ ದ್ರವಮಟ್ಟ

ಅಡುಗೆ ಅನಿಲದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಅದರ ಮೈಗೆ ಒದ್ದೆ ಬಟ್ಟೆ ಸವರುವ ಉಪಾಯ ಕೊಡಗಿನ ಚೆಟ್ಟಳ್ಳಿಯ ಮನೆಗೂ ಬೆಂಗಳೂರಿನ ಮನೆಗೂ ಒಂದೇ. ಖಾಲಿ ಭಾಗ ಬೇಗ ಒಣಗುತ್ತದೆ. ದ್ರವವಿರುವ ಭಾಗ ತಡವಾಗಿ ಒಣಗುತ್ತದೆ. ಪಾತ್ರೆಯನ್ನು ತೆರೆಯದೆ ಹೊರಗಿನ ಗುರುತಿನಿಂದ ಒಳಗಿನ ಮಟ್ಟವನ್ನು ಅರಿಯುವ ಇಂಥ ಕ್ರಮವೇ ಪರೋಕ್ಷ ಮಾಪನ.

ಜಲಜನಕದ ಕಂಪ್ರೆಸರ್‌ಗಳಲ್ಲಿ ಇದು ಅನಿವಾರ್ಯ. ವಾಹನಗಳಿಗೆ ಜಲಜನಕವನ್ನು 350 ಅಥವಾ 700 ಬಾರ್ ಒತ್ತಡದಲ್ಲಿ ತುಂಬಲಾಗುತ್ತದೆ. ಕೆಲವು ಯಂತ್ರಗಳಲ್ಲಿ ಲೋಹದ ಪಿಸ್ಟನ್ನಿನ ಬದಲು ದ್ರವವೇ ಮೇಲೇರಿ ಅನಿಲವನ್ನು ಒತ್ತುತ್ತದೆ. ಲಿಂಡೆ ಸಂಸ್ಥೆಯ ಕಂಪ್ರೆಸರ್‌ನಲ್ಲಿ ಈ ಕೆಲಸಕ್ಕೆ ಬಹುತೇಕ ಆವಿಯಾಗದ ಅಯಾನಿಕ ದ್ರವ ಬಳಕೆಯಲ್ಲಿದೆ.

ಮಟ್ಟ ಮಿತಿಮೀರಿದರೆ ದ್ರವವು ಅನಿಲದೊಡನೆ ಹೊರನುಗ್ಗಿ ಕವಾಟಗಳಿಗೆ ಹಾನಿ ಮಾಡಬಹುದು. ಕಡಿಮೆಯಾದರೆ ಅನಿಲ ಒಳಗೇ ಉಳಿದು ಯಂತ್ರದ ಸಾಮರ್ಥ್ಯ ಕುಗ್ಗುತ್ತದೆ. ಇಷ್ಟು ಒತ್ತಡದಲ್ಲಿ ಗಾಜಿನ ಕಿಂಡಿಯಿಟ್ಟು ನೋಡುವುದು ಕಷ್ಟ.

ಪರೋಕ್ಷ ಮಾರ್ಗಗಳು ಮುಖ್ಯವಾಗಿ ಮೂರು. ಪಂಪು ಒಳಗೆ ಕಳುಹಿಸಿದ ದ್ರವದ ಪ್ರಮಾಣದಿಂದ ಮಟ್ಟವನ್ನು ಲೆಕ್ಕಹಾಕುವುದು ಮೊದಲನೆಯದು. ಆದರೆ ಸೋರಿಕೆಯಿದ್ದರೆ ಲೆಕ್ಕ ತಪ್ಪುತ್ತ ಹೋಗುತ್ತದೆ. ತಳ ಮತ್ತು ಮೇಲ್ಭಾಗದ ಒತ್ತಡಗಳ ವ್ಯತ್ಯಾಸ ಎರಡನೆಯದು. ಒಂದು ಮೀಟರ್ ನೀರಿನ ಕಂಬದ ಒತ್ತಡ ಸುಮಾರು 0.1 ಬಾರ್ ಮಾತ್ರ, ಅಂದರೆ 700 ಬಾರ್‌ನ ಏಳು ಸಾವಿರದಲ್ಲೊಂದು ಪಾಲು. ತಳದಿಂದ ಶ್ರವಣಾತೀತ ಧ್ವನಿಯನ್ನು ಕಳುಹಿಸಿ ಪ್ರತಿಧ್ವನಿ ಮರಳುವ ವೇಳೆಯನ್ನು ಅಳೆಯುವುದು ಮೂರನೆಯದು. ಧ್ವನಿಯ ವೇಗ ತಾಪ ಹಾಗೂ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ.

ಒಂದೊಂದು ಮಾರ್ಗಕ್ಕೂ ಒಂದೊಂದು ಕೊರತೆ. ಆದ್ದರಿಂದ ಒಂದರ ಲೆಕ್ಕವನ್ನು ಇನ್ನೊಂದರಿಂದ ತಾಳೆ ನೋಡುವುದೇ ಸುರಕ್ಷಿತ ಕ್ರಮ.