ನಳಿಕೆಗೊಂದು ಮೂಗುದಾರ

ಆಸ್ಪತ್ರೆಯ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ಈ ನೋಟ ಹೊಸದಲ್ಲ. ಕೈಗೆ ಡ್ರಿಪ್ಪು, ಮೂಗಿಗೆ ಊಟದ ಪೈಪು, ಕುತ್ತಿಗೆಯ ಹತ್ತಿರ ಇನ್ನೊಂದು ಲೈನು, ಮಂಚದ ಕೆಳಗೆ ನೇತಾಡುವ ಮೂತ್ರದ ಚೀಲ. ಪೇಶೆಂಟ್ ಒಬ್ಬರೇ, ಪೈಪು ನಾಲ್ಕು. ಈ ಪೈಪುಗಳನ್ನು ಕಂಡುಹಿಡಿದವರಿಗೆ ಹೆಸರು ಬಂದಿದೆ, ಕೆಲವರಿಗೆ ನೊಬೆಲ್ ಕೂಡ ಬಂದಿದೆ. ಆದರೆ ಹಾಕಿದ ಪೈಪು ಹಾಕಿದ ಜಾಗದಲ್ಲೇ ಇರಬೇಕಲ್ಲ? ಅದನ್ನು ಹಿಡಿದಿಟ್ಟಿರುವ ಪ್ಲಾಸ್ಟರು, ದಾರ, ಬಲೂನು, ಕ್ಲಿಪ್ಪುಗಳ ಇತಿಹಾಸವನ್ನು ಯಾರೂ ಕೇಳುವುದಿಲ್ಲ. ಈ ಬರಹ ಅವುಗಳ ಬಗ್ಗೆ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ನಮ್ಮ ದೇಹಕ್ಕೆ ಪೈಪು ಬೇಡ. ಚರ್ಮ ಬೆವರುತ್ತದೆ, ಎಣ್ಣೆ ಬಿಡುತ್ತದೆ, ದಿನಾ ಹಳೆಯ ಪದರ ಉದುರಿಸುತ್ತದೆ. ಪೇಶೆಂಟ್ ಮಗ್ಗುಲು ಬದಲಿಸುತ್ತಾರೆ, ಕೆಮ್ಮುತ್ತಾರೆ, ಜ್ವರ ತಲೆಗೇರಿದರೆ ಅರಿವಿಲ್ಲದೆ ಎಲ್ಲ ಕಿತ್ತೆಸೆಯುತ್ತಾರೆ. ಡ್ರಿಪ್ ಜರುಗಿದರೆ ಔಷಧಿ ರಕ್ತನಾಳದ ಹೊರಗೆ ಸೋರಿ ಕೈ ಊದಿಕೊಳ್ಳುತ್ತದೆ. ಊಟದ ಪೈಪು ಜಾರಿ ಮೇಲೆ ಬಂದರೆ ಗಂಜಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗಬಹುದು. ವೆಂಟಿಲೇಟರ್ ಪೈಪು ಕಳಚಿದರೆ ಲೆಕ್ಕ ನಿಮಿಷಗಳದ್ದು. ಪೂರ್ತಿ ಕಿತ್ತುಬರುವುದೂ ಬೇಡ; ಪೈಪು ಒಂದೆರಡು ಮಿಲಿಮೀಟರ್ ಒಳಗೂ ಹೊರಗೂ ಆಡುತ್ತಿದ್ದರೆ ಸಾಕು, ಚರ್ಮದ ಮೇಲಿನ ಬ್ಯಾಕ್ಟೀರಿಯಾಗೆ ಒಳಗೆ ಹೋಗಲು ದಾರಿ ಸಿಕ್ಕಂತೆ.

ಹಳೆಯ ಕಾಲದವರಿಗೆ ಈ ತಲೆನೋವು ಅಷ್ಟಾಗಿ ಇರಲಿಲ್ಲ. ಮೂತ್ರ ಕಟ್ಟಿಕೊಂಡಾಗ ನಳಿಕೆ ತೂರಿಸಿ ತೆಗೆಯುವುದು ಬಹಳ ಹಳೆಯ ವಿದ್ಯೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಮುಚ್ಚಿಹೋದ ಪಾಂಪೇ ನಗರದ ಅಗೆತದಲ್ಲಿ ಕಂಚಿನ ನಳಿಕೆಗಳು ಸಿಕ್ಕಿವೆ. ಸುಶ್ರುತ ಸಂಹಿತೆ ಹೇಳುವ 101 ಯಂತ್ರಗಳಲ್ಲಿ 20 ನಾಡೀಯಂತ್ರಗಳು, ಅಂದ್ರೆ ಕೊಳವೆಯಂಥವು. ಲೋಹದ ನಳಿಕೆಯನ್ನು ಯಾರೂ ಒಳಗೇ ಬಿಟ್ಟು ದಿನಗಟ್ಟಲೆ ಮಲಗಲಾರರು. ಹಾಕು, ಕೆಲಸ ಮುಗಿಸು, ತೆಗೆ. ಅಷ್ಟೇ.

ನಳಿಕೆ ಮೆತ್ತಗಾಗುತ್ತಾ ಹೋದಂತೆ ಕಥೆ ಬದಲಾಯಿತು. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಹೌದು, ಮಿಂಚಿಗೆ ಗಾಳಿಪಟ ಹಾರಿಸಿದ ಅದೇ ಫ್ರಾಂಕ್ಲಿನ್, ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ ಅಣ್ಣ ಜಾನ್‌ಗಾಗಿ ಬಳುಕುವ ಬೆಳ್ಳಿ ನಳಿಕೆಯೊಂದನ್ನು ಅಕ್ಕಸಾಲಿಗನಿಂದ ಮಾಡಿಸಿ ಕಳಿಸಿದ. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್‌ಗೆ ರಬ್ಬರನ್ನು ಗಂಧಕದ ಜೊತೆ ಬೇಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಆ ರಬ್ಬರಿನಿಂದ ಪ್ಯಾರಿಸ್‌ನ ಸರ್ಜನ್ ಒಗ್ಯುಸ್ತ್ ನೆಲಾಟನ್ 1860ರ ದಶಕದಲ್ಲಿ ಮೆತ್ತನೆಯ ಕ್ಯಾಥೆಟರ್ ಮಾಡಿಸಿದ. ಇವತ್ತಿಗೂ ಸಾದಾ ಕ್ಯಾಥೆಟರ್‌ಗೆ ಅವನದೇ ಹೆಸರು.

ಮೆತ್ತಗಿರುವ ನಳಿಕೆಯನ್ನು ಒಳಗೇ ಬಿಡಬಹುದು. ಆದರೆ ಬಿಟ್ಟರೆ ಜಾರಿ ಹೊರಗೆ ಬರುತ್ತದೆ! ಆಗ ಶುರುವಾಯಿತು ಕಟ್ಟುವ ಕೆಲಸ. ಗಂಡಸರಿಗಾದರೆ ನಳಿಕೆಗೆ ದಾರ ಸುತ್ತಿ ಅಂಗಕ್ಕೇ ಕಟ್ಟುತ್ತಿದ್ದರು ಅಥವಾ ಅಂಟುಪಟ್ಟಿ ಸುತ್ತುತ್ತಿದ್ದರು. ದಾರ ಬಿಗಿಯಾದರೆ ರಕ್ತ ಓಡಾಡುವುದಿಲ್ಲ, ಸಡಿಲವಾದರೆ ನಳಿಕೆ ನಿಲ್ಲುವುದಿಲ್ಲ. ಆಪರೇಷನ್ ಆದವರಿಗೆ ಹೊಲಿಗೆ ಹಾಕಿ ಕೂರಿಸುವುದೂ ಇತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸ್ಸಿನವರು ನಳಿಕೆಯ ತುದಿಯನ್ನೇ ಬದಲಿಸಿ ನೋಡಿದರು. ದೆ ಪೆಜೆರ್‌ನದು ಅಣಬೆ ತಲೆಯಂಥ ತುದಿ, ಮಾಲೆಕೋನದು ರೆಕ್ಕೆಯಂತೆ ಬಿಚ್ಚಿಕೊಳ್ಳುವ ತುದಿ. ಒಳಗೆ ಹಾಕುವಾಗ ಎಳೆದು ಸಪೂರ ಮಾಡಬೇಕು, ಒಳಗೆ ಹೋದ ಮೇಲೆ ತಾನೇ ಅರಳಿ ಕೊಂಡಿಯಂತೆ ನಿಲ್ಲುತ್ತದೆ.

ಈಗ ಫ್ರೆಡರಿಕ್ ಫೋಲಿಯ ಕಥೆಗೆ ಬರೋಣ. ಹುಟ್ಟಿದ್ದು 1891ರಲ್ಲಿ, ಅಮೆರಿಕದ ಮಿನ್ನೆಸೋಟಾದ ಸೇಂಟ್ ಕ್ಲೌಡ್‌ನಲ್ಲಿ. ಯೇಲ್‌ನಲ್ಲಿ ಓದಿದ್ದು ಭಾಷೆಗಳನ್ನು. ಆಮೇಲೆ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡಾಕ್ಟರಿಕೆ ಕಲಿತು ಸೇಂಟ್ ಪಾಲ್ ನಗರದಲ್ಲಿ ಯುರಾಲಜಿಸ್ಟ್ ಆದ. ಅವನು ಪರಿಹಾರ ಹುಡುಕುತ್ತಿದ್ದುದು ನಳಿಕೆ ಜಾರುವುದಕ್ಕಲ್ಲ, ರಕ್ತಸ್ರಾವಕ್ಕೆ. ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಒಳಗೆ ರಕ್ತ ಸುರಿಯುತ್ತದೆ. ಅಲ್ಲಿಗೆ ಕೈ ಹಾಕಿ ಒತ್ತಿಹಿಡಿಯಲು ಆಗುವುದಿಲ್ಲ. ನಳಿಕೆಯ ತುದಿಯಲ್ಲಿ ಒಂದು ಬಲೂನು ಇಟ್ಟು, ಒಳಗೆ ಹೋದ ಮೇಲೆ ನೀರು ತುಂಬಿಸಿ, ಹೊರಗಿನಿಂದ ಮೆಲ್ಲಗೆ ಎಳೆದರೆ? ಬಲೂನು ಗಾಯದ ಮೇಲೆ ಕೂತು ಒತ್ತುತ್ತದೆ, ರಕ್ತ ನಿಲ್ಲುತ್ತದೆ. 1929ರಲ್ಲಿ ಇದರ ಬಗ್ಗೆ ಬರೆದ. ಅದೇ ಬಲೂನು ನಳಿಕೆ ಜಾರದಂತೆಯೂ ನೋಡಿಕೊಂಡಿತು. ಬಲೂನಿನ ಯೋಚನೆ ಅವನಿಗೇ ಮೊದಲು ಬಂದಿದ್ದಲ್ಲ. ಫ್ರಾನ್ಸಿನ ರೇಬಾರ್ ಎಂಬ ಸರ್ಜನ್ 19ನೇ ಶತಮಾನದ ನಡುವಿನಲ್ಲೇ ಬಲೂನಿನ ನಳಿಕೆ ಮಾಡಿದ್ದ. ಆದರೆ ನಳಿಕೆ ಮತ್ತು ಬಲೂನು ಒಂದೇ ಮೈಯಾಗಿ, ಬಿಟ್ಟುಕೊಳ್ಳದಂತೆ, ಸೋರದಂತೆ ಮಾಡಬೇಕಿದ್ದರೆ ಲ್ಯಾಟೆಕ್ಸ್ ರಬ್ಬರಿನ ತಂತ್ರ ಬರಬೇಕಿತ್ತು. ಅದು 1930ರ ದಶಕದಲ್ಲಿ ಕೈಗೆ ಸಿಕ್ಕಿತು.

1935ರಲ್ಲಿ ಫೋಲಿ ಅಮೆರಿಕದ ಯುರಾಲಜಿಸ್ಟ್‌ಗಳ ಮುಂದೆ ತನ್ನ ನಳಿಕೆ ತೋರಿಸಿದ, 1936ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಅಷ್ಟರಲ್ಲಿ ರೋಡ್ ಐಲ್ಯಾಂಡಿನ ಡೇವಲ್ ರಬ್ಬರ್ ಕಂಪನಿಯ ಪಾಲ್ ರೈಶ್ ನಾಲ್ಕು ತಿಂಗಳು ಮುಂದಿದ್ದ. ಫೋಲಿ ಮೇಲ್ಮನವಿ ಹಾಕಿದ, ಪೇಟೆಂಟ್ ಆಫೀಸಿನ ಮಂಡಳಿ ಅವನ ಕಡೆ ತೀರ್ಪು ಕೊಟ್ಟಿತು. ರೈಶ್ ಕೋರ್ಟಿಗೆ ಹೋದ, ಕೋರ್ಟು ಅದನ್ನು ತಿರುಗಿಸಿತು. ಇನ್ನೊಮ್ಮೆ ವಿಚಾರಣೆ ಕೊಡಿ ಅಂದರೆ ಕೊಡಲಿಲ್ಲ. ಹಾಗಾಗಿ ಪೇಟೆಂಟ್ ಹೋಗಿದ್ದು ಡೇವಲ್‌ಗೆ. ಆದರೆ ಸಿ. ಆರ್. ಬಾರ್ಡ್ ಎಂಬ ಕಂಪನಿ ಇದನ್ನು ಮಾರುವಾಗ 'ಫೋಲಿ ಕ್ಯಾಥೆಟರ್' ಅಂತ ಮಾರಿತು. ಕಾಗದ ಗೆದ್ದವನ ಹೆಸರು ಕಾಗದದಲ್ಲೇ ಉಳಿಯಿತು, ಸೋತವನ ಹೆಸರು ಜಗತ್ತಿನ ವಾರ್ಡುಗಳಲ್ಲೆಲ್ಲ ದಿನಾ ಕೇಳುತ್ತಿದೆ. ಮುಂದೊಂದು ದಿನ ಡೇವಲ್ ಕಂಪನಿಯನ್ನು ಅದೇ ಬಾರ್ಡ್ ಕೊಂಡುಕೊಂಡಿತು ಅನ್ನೋದು ಇನ್ನೊಂದು ತಮಾಷೆ.

ಸರಿ, ಬಲೂನು ಬಂತು, ಸಮಸ್ಯೆ ಮುಗೀತಾ? ಇಲ್ಲ. ಬಲೂನು ನಳಿಕೆಯನ್ನು ಒಳಗೆ ಹಿಡಿಯುತ್ತದೆ, ನಿಜ. ಆದರೆ ಹೊರಗೆ ಚೀಲ ತುಂಬಿ ಭಾರವಾದಾಗ ಆ ಎಳೆತವೆಲ್ಲ ಬಲೂನಿನ ಮೂಲಕ ಮೂತ್ರಕೋಶದ ಬಾಯಿಯ ಮೇಲೆ ಬೀಳುತ್ತದೆ. ಅರೆಪ್ರಜ್ಞೆಯಲ್ಲಿರುವ ಅಜ್ಜ ಊದಿದ ಬಲೂನಿನ ಸಮೇತ ನಳಿಕೆ ಕಿತ್ತುಕೊಂಡರೆ ಮೂತ್ರನಾಳವೇ ಹರಿದು ರಕ್ತ ಬರುತ್ತದೆ. ಹಾಗಾಗಿ ಒಳಗೆ ಬಲೂನಿದ್ದರೂ ಹೊರಗೆ ತೊಡೆಗೆ ಅಂಟಿಸಲೇಬೇಕು. ನಾವು ಸಾಫ್ಟ್‌ವೇರ್‌ನವರು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತೇವೆ: ಒಂದು ಜಾಗದಲ್ಲಿ ಫಿಕ್ಸ್ ಮಾಡಿದರೆ ಲೋಡು ಇನ್ನೊಂದು ಜಾಗಕ್ಕೆ ಹೋಗಿ ಕೂರುತ್ತದೆ.

ಉಸಿರಾಟದ ನಳಿಕೆಯಲ್ಲೂ ಇದೇ ಆಯಿತು. ಆರ್ಥರ್ ಗೆಡೆಲ್ ಮತ್ತು ರಾಲ್ಫ್ ವಾಟರ್ಸ್ ಎಂಬ ಅಮೆರಿಕದ ಅರಿವಳಿಕೆ ವೈದ್ಯರು 1928ರಲ್ಲಿ ಗಾಳಿ ತುಂಬುವ ಕಫ್ ಇರುವ ನಳಿಕೆಯ ಬಗ್ಗೆ ಬರೆದರು. ಗಾಳಿ ಸೋರುವುದಿಲ್ಲ ಅಂತ ತೋರಿಸಲು ಗೆಡೆಲ್ ತನ್ನ ನಾಯಿಗೆ ಅರಿವಳಿಕೆ ಕೊಟ್ಟು, ನಳಿಕೆ ಹಾಕಿ, ನೀರು ತುಂಬಿದ ಅಕ್ವೇರಿಯಂನಲ್ಲಿ ಮುಳುಗಿಸಿಟ್ಟ. ಹೊರತೆಗೆದ ಮೇಲೆ ನಾಯಿ ಎದ್ದು ಮೈ ಕೊಡವಿತು. ಅದರ ಹೆಸರೇ 'ಏರ್‌ವೇ'. ಆದರೆ ಈ ಕಫ್ ಇರುವುದು ಸೋರದಂತೆ ತಡೆಯಲಿಕ್ಕೆ. ನಳಿಕೆ ಕಳಚದಂತೆ ಹಿಡಿಯುವ ಕೆಲಸ ಮಾತ್ರ ಕುತ್ತಿಗೆಯ ಹಿಂದೆ ಸುತ್ತಿ ಕಟ್ಟುವ ಹತ್ತಿಪಟ್ಟಿಯದೇ ಆಗಿ ಉಳಿಯಿತು.

ಇನ್ನು ಅಂಟು. 1845ರಲ್ಲಿ ಅಮೆರಿಕದ ಡೇ ಮತ್ತು ಶೆಕಟ್ ಎಂಬಿಬ್ಬರು ರಬ್ಬರಿನ ಅಂಟುಪಟ್ಟಿಗೆ ಪೇಟೆಂಟ್ ಪಡೆದರು. ಅಂಟೇನೋ ಅಂಟುತ್ತಿತ್ತು, ಚರ್ಮ ಕೆಂಪಗಾಗಿ ಉರಿಯುತ್ತಿತ್ತು. 1899ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಝಿಂಕ್ ಆಕ್ಸೈಡ್ ಸೇರಿಸಿದ ಪ್ಲಾಸ್ಟರ್ ತಂದಿತು. 1901ರಲ್ಲಿ ಜರ್ಮನಿಯ ಬೈಯರ್ಸ್‌ಡಾರ್ಫ್ ಕಂಪನಿಯ ಲ್ಯೂಕೋಪ್ಲಾಸ್ಟ್ ಬಂತು. 1960ರಲ್ಲಿ 3ಎಂ ಕಂಪನಿಯ ಮೈಕ್ರೋಪೋರ್ ಬಂತು: ಕಾಗದದಂಥ ಪಟ್ಟಿ, ಚರ್ಮಕ್ಕೆ ಗಾಳಿಯಾಡಲು ಸಣ್ಣ ರಂಧ್ರ. ಬೆವರು ಹೊರಹೋಗಲು ದಾರಿಯಿದ್ದರೆ ಚರ್ಮವೂ ತಡೆದುಕೊಳ್ಳುತ್ತದೆ, ಅಂಟೂ ಹೆಚ್ಚು ಹೊತ್ತು ನಿಲ್ಲುತ್ತದೆ.

ಅಷ್ಟರಲ್ಲಿ ಡ್ರಿಪ್ ಕೂಡ ಬದಲಾಗಿತ್ತು. ಮೊದಲೆಲ್ಲ ರಕ್ತನಾಳದಲ್ಲಿ ಬಿಡುತ್ತಿದ್ದುದು ಉಕ್ಕಿನ ಸೂಜಿ. ಕೈ ಮಡಚಿದರೆ ನಾಳಕ್ಕೇ ಚುಚ್ಚುತ್ತದೆ ಅಂತ ಇಡೀ ಕೈಯನ್ನು ಹಲಗೆಗೆ ಕಟ್ಟಿ ಮಲಗಿಸುತ್ತಿದ್ದರು. 1950ರಲ್ಲಿ ಮೇಯೋ ಕ್ಲಿನಿಕ್‌ನ ಡೇವಿಡ್ ಮಾಸಾ ಎಂಬ ಯುವ ವೈದ್ಯ ಸೂಜಿಯ ಮೇಲೆ ಪ್ಲಾಸ್ಟಿಕ್ ಕೊಳವೆ ಕೂರಿಸಿದ. ಚುಚ್ಚಿದ ಮೇಲೆ ಸೂಜಿ ಹೊರಗೆ, ಪ್ಲಾಸ್ಟಿಕ್ ಒಳಗೆ. ಪೇಶೆಂಟ್ ಕೈಗೆ ಬಿಡುಗಡೆ ಸಿಕ್ಕಿತು. ಆಡುವ ಕೈಯಲ್ಲಿ ಕೊಳವೆ ನಿಲ್ಲಿಸುವ ಹೊಣೆ ಪ್ಲಾಸ್ಟರಿನ ಮೇಲೆ ಬಿತ್ತು, ಅಂದ್ರೆ ಸಿಸ್ಟರ್ ಮೇಲೆ. ಕೊಳವೆಯ ಕೆಳಗಿಂದ ಪಟ್ಟಿ ತೂರಿಸಿ ಮೇಲೆ ಅಡ್ಡಡ್ಡ ದಾಟಿಸುವುದು, ಟ್ಯೂಬನ್ನು ಒಂದು ಸುತ್ತು ಬಳಸಿ ಅಂಟಿಸುವುದು, ಕೀಳಲು ಸುಲಭವಾಗಲಿ ಅಂತ ಪಟ್ಟಿಯ ತುದಿ ಮಡಚಿ ಬಿಡುವುದು, ಇವೆಲ್ಲ ಒಬ್ಬ ಸಿಸ್ಟರ್ ಇನ್ನೊಬ್ಬರ ಕೈ ನೋಡಿ ಕಲಿತ ವಿದ್ಯೆ. ಇದಕ್ಕೆ ಪೇಟೆಂಟೂ ಇಲ್ಲ, ಜಗಳವೂ ಇಲ್ಲ.

ಕುತ್ತಿಗೆ, ಎದೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಲೈನುಗಳನ್ನು ಪ್ಲಾಸ್ಟರಿಗೆ ಒಪ್ಪಿಸಲು ಡಾಕ್ಟರುಗಳಿಗೆ ಧೈರ್ಯ ಬರಲಿಲ್ಲ. ಚರ್ಮಕ್ಕೇ ಹೊಲಿಗೆ ಹಾಕಿದರು. ಗಟ್ಟಿಯೇನೋ ಗಟ್ಟಿ. ಆದರೆ ಹೊಲಿಗೆ ಅಂದ್ರೆ ನಳಿಕೆಯ ಪಕ್ಕದಲ್ಲೇ ಇನ್ನಷ್ಟು ತೂತು, ಇನ್ನಷ್ಟು ಸೋಂಕಿನ ದಾರಿ. ಜೊತೆಗೆ ಹೊಲಿಯುವ ಸೂಜಿ ಹೊಲಿಯುವವರ ಬೆರಳಿಗೂ ಚುಚ್ಚುತ್ತದೆ. ಎಚ್‌ಐವಿ ಬಂದ ಮೇಲೆ ಆ ಒಂದು ಚುಚ್ಚು ಇಡೀ ಮನೆಯ ನಿದ್ದೆ ಕೆಡಿಸುವ ವಿಷಯವಾಯಿತು. ಅಮೆರಿಕದ ಆಸ್ಪತ್ರೆಗಳಲ್ಲಿ ಸೂಜಿ ಮತ್ತಿತರ ಹರಿತ ವಸ್ತುಗಳಿಂದ ಸಿಬ್ಬಂದಿಗೆ ಆಗುವ ಗಾಯಗಳು ವರ್ಷಕ್ಕೆ ಸುಮಾರು 3,85,000 ಅಂತ ಅಲ್ಲಿನ ಸಿಡಿಸಿ ಸಂಸ್ಥೆ ಅಂದಾಜು ಮಾಡಿತ್ತು. 2000ದ ನವೆಂಬರಿನಲ್ಲಿ ಸೂಜಿ ಚುಚ್ಚುವುದನ್ನು ತಡೆಯಲೆಂದೇ ಅಲ್ಲಿ ಕಾನೂನು ಬಂತು.

ಹೊಲಿಗೆಯೂ ಬೇಡ, ಬರೀ ಪ್ಲಾಸ್ಟರೂ ಸಾಲದು ಅನ್ನುವವರಿಗೆ ಉತ್ತರ ಕೊಟ್ಟವರಲ್ಲಿ ಒಬ್ಬ ಕ್ಯಾಲಿಫೋರ್ನಿಯಾದ ತುರ್ತು ಚಿಕಿತ್ಸಾ ವೈದ್ಯ ಸ್ಟೀವನ್ ಬೈರ್‌ಮನ್. ಅವನ 'ಸ್ಟ್ಯಾಟ್‌ಲಾಕ್' ನೋಡಲು ಏನೂ ಅಲ್ಲ: ಚರ್ಮಕ್ಕೆ ಅಂಟುವ ಒಂದು ಮೆತ್ತೆ, ಅದರ ಮೇಲೆ ನಳಿಕೆಯ ರೆಕ್ಕೆ ಕೂರುವಂಥ ಪ್ಲಾಸ್ಟಿಕ್ ಕ್ಲಿಪ್. ಮುಚ್ಚಳ ಒತ್ತಿದರೆ ಟಕ್ ಅಂತ ಲಾಕ್. ಎಳೆತ ಬಂದರೆ ಅದು ಒಂದು ಬಿಂದುವಿನಲ್ಲಿ ನಿಲ್ಲದೆ ಇಡೀ ಮೆತ್ತೆಯ ಅಗಲಕ್ಕೂ ಹಂಚಿಹೋಗುತ್ತದೆ. 2006ರಲ್ಲಿ ಅವನ ವೆನೆಟೆಕ್ ಕಂಪನಿಯನ್ನು ಕೊಂಡಿದ್ದು ಯಾರು ಗೊತ್ತಾ? ಅದೇ ಫೋಲಿಯ ಬಾರ್ಡ್! ಬಲೂನು ಒಳಗೆ ಹಿಡಿಯಿತು, ಕ್ಲಿಪ್ ಹೊರಗೆ ಹಿಡಿಯಿತು, ಎರಡೂ ಒಂದೇ ಅಂಗಡಿಯದಾಯಿತು. 2011ರ ಸಿಡಿಸಿ ಮಾರ್ಗಸೂಚಿ ರಕ್ತನಾಳದ ಲೈನುಗಳಿಗೆ ಹೊಲಿಗೆಯಿಲ್ಲದ ಸಾಧನ ಬಳಸಿ ಅಂತಲೇ ಹೇಳಿತು.

ದೇಹವನ್ನೇ ಕಾವಲಿಗೆ ನಿಲ್ಲಿಸಿದ ಉಪಾಯವೂ ಒಂದಿದೆ. ಕ್ಯಾನ್ಸರ್ ರೋಗಿಗಳಿಗೆ ತಿಂಗಳುಗಟ್ಟಲೆ ಲೈನು ಬೇಕು. ಸಿಯಾಟಲ್‌ನಲ್ಲಿ 1973ರಲ್ಲಿ ಬ್ರೋವಿಯಾಕ್, 1979ರಲ್ಲಿ ರಾಬರ್ಟ್ ಹಿಕ್‌ಮನ್ ವರದಿ ಮಾಡಿದ ನಳಿಕೆಗಳಲ್ಲಿ ಚರ್ಮದ ಅಡಿಗೆ ಬರುವ ಜಾಗದಲ್ಲಿ ಡಕ್ರಾನ್ ಬಟ್ಟೆಯ ಸಣ್ಣ ಪಟ್ಟಿಯಿದೆ. ಕೆಲವು ವಾರಗಳಲ್ಲಿ ನಮ್ಮದೇ ಅಂಗಾಂಶ ಆ ನೂಲುಗಳ ನಡುವೆ ಬೆಳೆದು ನಳಿಕೆಯನ್ನು ತಬ್ಬಿ ಹಿಡಿಯುತ್ತದೆ, ಹೊರಗಿನ ಬ್ಯಾಕ್ಟೀರಿಯಾಗೂ ಅಡ್ಡ ನಿಲ್ಲುತ್ತದೆ. ಡಕ್ರಾನ್ ಅಂದ್ರೆ ಬೇರೇನಲ್ಲ, ನಮ್ಮ ಅಪ್ಪಂದಿರು ಮದುವೆಗೆ ಹಾಕಿಕೊಳ್ಳುತ್ತಿದ್ದ ಟೆರಿಲಿನ್ ಶರ್ಟಿನ ಪಾಲಿಯೆಸ್ಟರೇ.

ನನಗೆ ತುಂಬಾ ಹಿಡಿಸಿದ್ದು ಮಾತ್ರ ಮೂಗಿನ ಊಟದ ಪೈಪಿನ ಕಥೆ. ಮೂಗಿನ ಮೇಲೆ ಬೆವರು, ಜಿಡ್ಡು ಜಾಸ್ತಿ. ಪ್ಲಾಸ್ಟರ್ ನಿಲ್ಲುವುದೇ ಕಷ್ಟ. ಸ್ಟ್ರೋಕ್ ಆದವರು ಅರಿವಿಲ್ಲದೆ ಮತ್ತೆ ಮತ್ತೆ ಕೀಳುತ್ತಾರೆ. ಕಿತ್ತಾಗಲೆಲ್ಲ ಊಟ ನಿಲ್ಲುತ್ತದೆ, ಮತ್ತೆ ಹಾಕಬೇಕು, ಸರಿಯಾದ ಜಾಗಕ್ಕೆ ಹೋಯಿತಾ ಅಂತ ಎಕ್ಸ್‌ರೇ ತೆಗೆಯಬೇಕು. ಇದಕ್ಕೆ ಕಂಡುಕೊಂಡ ಉಪಾಯದ ಹೆಸರು 'ನೇಸಲ್ ಬ್ರೈಡಲ್'. ಒಂದು ಹೊಳ್ಳೆಯಿಂದ ದಾರ ಹಾಕಿ, ಮೂಗಿನ ನಡುಗೋಡೆಯ ಹಿಂದೆ ಸುತ್ತಿಸಿ, ಇನ್ನೊಂದು ಹೊಳ್ಳೆಯಿಂದ ಹೊರತೆಗೆದು, ಪೈಪಿಗೆ ಕಟ್ಟುವುದು. ಆಮೇಲೆ ಬಂದ ಸಾಧನದಲ್ಲಿ ಎರಡು ಹೊಳ್ಳೆಯಲ್ಲಿ ಎರಡು ಪುಟ್ಟ ಅಯಸ್ಕಾಂತದ ಕಡ್ಡಿ ತೂರಿಸುತ್ತಾರೆ. ಅವು ಹಿಂದೆ ಒಂದಕ್ಕೊಂದು ಅಂಟಿಕೊಂಡು ಪಟ್ಟಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುತ್ತವೆ. ಬ್ರೈಡಲ್ ಅಂದರೆ ಕುದುರೆಯ ಕಡಿವಾಣ. ಕಡಿವಾಣ ಹೋಗುವುದು ಬಾಯಿಗೆ. ಎತ್ತು ಸಾಕಿದ ಮನೆಯ ಹುಡುಗನನ್ನು ಕೇಳಿದ್ದರೆ ಸರಿಯಾದ ಹೆಸರು ಹೇಳುತ್ತಿದ್ದ: ಇದು ಮೂಗುದಾರ. ಕೆಲಸ ಮಾಡುವ ತತ್ವವೂ ಅದೇ. ಎಳೆದರೆ ಮೂಗಿಗೆ ನೋವಾಗುತ್ತದೆ, ಆದ್ದರಿಂದ ಎಳೆಯುವ ಕೈ ತಾನಾಗಿ ನಿಲ್ಲುತ್ತದೆ.

ಇಲ್ಲೊಂದು ಕಷ್ಟದ ಪ್ರಶ್ನೆಯೂ ಇದೆ. ಎತ್ತಿಗೆ ಮೂಗುದಾರ ಹಾಕುವಾಗ ಯಾರೂ ಅದರ ಒಪ್ಪಿಗೆ ಕೇಳುವುದಿಲ್ಲ. ಮನುಷ್ಯ ಪೈಪು ಕೀಳುವುದು ಗೊಂದಲದಿಂದಲಾ, ಅಥವಾ 'ನನಗೆ ಇದು ಸಾಕು' ಅನ್ನಲು ಅವರಿಗೆ ಉಳಿದಿರುವ ಒಂದೇ ಭಾಷೆ ಅದಾ? ಯಾವ ಕ್ಲಿಪ್ಪೂ ಇದಕ್ಕೆ ಉತ್ತರ ಹೇಳಲ್ಲ. ಅದನ್ನು ಮಂಚದ ಪಕ್ಕ ಕೂತವರೇ ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಬೇಕು. ಕೆಲವೊಮ್ಮೆ ಸರಿಯಾದ ಕೇಳಿಕೆ 'ಇದನ್ನು ಇನ್ನೂ ಗಟ್ಟಿಯಾಗಿ ಕಟ್ಟಿ' ಅನ್ನುವುದಲ್ಲ, 'ಇದು ಇನ್ನೂ ಬೇಕಾ ಡಾಕ್ಟ್ರೇ?' ಅನ್ನುವುದು. ಬೇಡದ ಕ್ಯಾಥೆಟರನ್ನು ಬೇಗ ತೆಗೆಯಿರಿ ಅಂತ ಸೋಂಕು ತಡೆಯುವ ಮಾರ್ಗಸೂಚಿಗಳೂ ಹೇಳುತ್ತವೆ.

ನಮ್ಮ ಕಡೆಯ ಎಷ್ಟೋ ಆಸ್ಪತ್ರೆಗಳಲ್ಲಿ ಈ ಕ್ಲಿಪ್ಪು, ಅಯಸ್ಕಾಂತಗಳೆಲ್ಲ ದುಬಾರಿ ಮಾತು. ಅಲ್ಲಿ ಇವತ್ತಿಗೂ ಇರುವುದು ಬಿಳಿ ಪ್ಲಾಸ್ಟರು ಮತ್ತು ಸಿಸ್ಟರ್ ಕೈಚಳಕ. ಹಾಗಾಗಿ ಮುಂದಿನ ಸಲ ನಿಮ್ಮವರ ಪಕ್ಕ ಅಟೆಂಡರ್ ಆಗಿ ಕೂತಾಗ ಫೋನಿನಿಂದ ಒಂದು ನಿಮಿಷ ತಲೆ ಎತ್ತಿ ನೋಡಿ. ಡ್ರಿಪ್ ಹಾಕಿದ ಜಾಗದ ಪ್ಲಾಸ್ಟರ್ ಒದ್ದೆಯಾಗಿದೆಯಾ, ತುದಿ ಎದ್ದಿದೆಯಾ? ಸುತ್ತ ಕೆಂಪಗಿದೆಯಾ, ಊದಿದೆಯಾ? ಮೂತ್ರದ ಪೈಪು ತೊಡೆಯ ಹತ್ತಿರ ಸ್ವಲ್ಪ ಸಡಿಲ ಬಿಟ್ಟು ಅಂಟಿಸಿದ್ದಾರಾ, ಚೀಲ ಸೊಂಟಕ್ಕಿಂತ ಕೆಳಗಿದೆಯಾ? ಮೂಗಿನ ಪೈಪಿನ ಮೇಲೆ ಹಾಕಿದ ಗುರುತು ಮೊದಲಿದ್ದ ಜಾಗದಲ್ಲೇ ಇದೆಯಾ? ಏನಾದರೂ ಹೆಚ್ಚುಕಮ್ಮಿ ಕಂಡರೆ ನೀವಾಗಿ ಒತ್ತಲು, ತಳ್ಳಲು ಹೋಗಬೇಡಿ. ಎದ್ದು ಹೋಗಿ ಸಿಸ್ಟರನ್ನು ಕರೆಯಿರಿ.