ಎಚ್‌ಐವಿ ಅಡಗಿಕೊಳ್ಳುವುದು ನಮ್ಮದೇ ಪ್ರೋಟೀನುಗಳ ಮರೆಯಲ್ಲಿ

ಎಚ್‌ಐವಿಗೆ ಇರುವುದು 9 ವಂಶವಾಹಿಗಳು ಮಾತ್ರ. ಇಷ್ಟೇ ಬಂಡವಾಳದಲ್ಲಿ ಅದು ನಮ್ಮ ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸಿ ವರ್ಷಗಟ್ಟಲೆ ದೇಹದಲ್ಲಿ ಉಳಿಯುವುದು ಹೇಗೆ? 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಪತ್ತೆಯಾದ ಮೇಲೆ ವಿಜ್ಞಾನಿಗಳ ಗಮನ ಹೆಚ್ಚಾಗಿ ಅದರ ಸ್ವಂತ ಕಿಣ್ವಗಳ ಮೇಲಿತ್ತು. ಜನ ಸಾಯುತ್ತಿದ್ದರು, ಔಷಧ ತುರ್ತಾಗಿ ಬೇಕಿತ್ತು. ಆದರೆ ಆ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಸಿಕ್ಕಿದ್ದು ವೈರಸ್ಸಿನೊಳಗಲ್ಲ, ಅದು ಹೊಕ್ಕ ಜೀವಕೋಶದೊಳಗೆ.

ಮೊದಲ ಸುಳಿವು ಸಿಕ್ಕಿದ್ದು 1993ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ವೈರಸ್ಸಿನ ಗ್ಯಾಗ್ ಪ್ರೋಟೀನಿಗೆ ಮನುಷ್ಯರ ಸೈಕ್ಲೋಫಿಲಿನ್ ಎ ಎಂಬ ಪ್ರೋಟೀನು ಅಂಟಿಕೊಳ್ಳುತ್ತದೆಂದು ಜೆರೆಮಿ ಲ್ಯೂಬನ್ ಮತ್ತು ಸ್ಟೀಫನ್ ಗಾಫ್ ತಂಡ ತೋರಿಸಿತು. ಈ ನಂಟನ್ನು ತಪ್ಪಿಸಿದರೆ ವೈರಸ್ ಸೊರಗುತ್ತದೆ ಎಂಬುದು ಬೇಗನೆ ತಿಳಿಯಿತು. ಏಕೆ ಸೊರಗುತ್ತದೆ ಎಂಬುದಕ್ಕೆ ಮಾತ್ರ ಬಹುಕಾಲ ಉತ್ತರವಿರಲಿಲ್ಲ.

ಅಷ್ಟರಲ್ಲಿ ಬೇರೆ ದಾರಿಗಳು ತೆರೆದುಕೊಂಡವು. ಸೋಂಕಿತ ಕೋಶವನ್ನು ಗುರುತಿಸಲು ಟಿ ಕೋಶಗಳಿಗೆ ಅದರ ಮೇಲ್ಮೈಯ ಎಂಎಚ್‌ಸಿ-1 ಅಣುಗಳು ಬೇಕು. ವೈರಸ್ಸಿನ ನೆಫ್ ಪ್ರೋಟೀನು ಕೋಶದ ಸಾಗಣೆ ವ್ಯವಸ್ಥೆಯನ್ನೇ ಬಳಸಿಕೊಂಡು ಅವನ್ನು ಒಳಗೆಳೆಯುತ್ತದೆಂದು 1990ರ ದಶಕದ ಕೊನೆಯ ಹೊತ್ತಿಗೆ ಸ್ಪಷ್ಟವಾಯಿತು. ಎಲ್ಲವನ್ನೂ ಎಳೆದರೆ, ಈ ಅಣುಗಳಿಲ್ಲದ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳಿಗೆ ಅನುಮಾನ ಬರುತ್ತದೆ. ಹಾಗಾಗಿ ನೆಫ್ ಅವುಗಳಲ್ಲಿ ಎಚ್‌ಎಲ್‌ಎ-ಸಿ ಎಂಬ ಬಗೆಯನ್ನು ಮುಟ್ಟುವುದಿಲ್ಲ. ಈ ಆಯ್ಕೆಯ ನಾಜೂಕು ಇಂದಿಗೂ ಬೆರಗು ಹುಟ್ಟಿಸುತ್ತದೆ.

2002ರಲ್ಲಿ ಆನ್ ಶೀಹಿ, ಮೈಕೆಲ್ ಮಾಲಿಮ್ ತಂಡ ಅಪೋಬೆಕ್3ಜಿ ಎಂಬ ಕಾವಲು ಪ್ರೋಟೀನನ್ನು ಗುರುತಿಸಿತು. ವೈರಸ್ಸಿನ ಡಿಎನ್‌ಎ ತಯಾರಾಗುವಾಗಲೇ ಅದು ಅಕ್ಷರಗಳನ್ನು ಕೆಡಿಸಿಬಿಡುತ್ತದೆ. ವೈರಸ್ಸಿನ ವಿಫ್ ಇದನ್ನು ತಾನೇ ನಾಶಮಾಡುವುದಿಲ್ಲ. ಕೋಶದ ಕಲಿನ್-5 ಯಂತ್ರವನ್ನು ಕರೆತಂದು, ಕಸಕ್ಕೆ ಹಾಕಬೇಕಾದ ಸಾಮಾನಿಗೆ ಚೀಟಿ ಅಂಟಿಸಿದಂತೆ, ಅದಕ್ಕೆ ಯುಬಿಕ್ವಿಟಿನ್ ಅಂಟಿಸುವಂತೆ ಮಾಡುತ್ತದೆ. ಮುಂದಿನದನ್ನು ಕೋಶವೇ ನೋಡಿಕೊಳ್ಳುತ್ತದೆ. 2008ರಲ್ಲಿ ಟೆದರಿನ್ ಮತ್ತು ವಿಪಿಯು, 2015ರಲ್ಲಿ ಸೆರಿಂಕ್5 ಮತ್ತು ನೆಫ್ ಎಂಬ, ಇಂಥದೇ ಕಾವಲು ಪ್ರೋಟೀನು ಮತ್ತು ಅದನ್ನು ಮಣಿಸುವ ವೈರಸ್ ಪ್ರೋಟೀನುಗಳ ಜೋಡಿಗಳು ಬೆಳಕಿಗೆ ಬಂದವು.

ಈ ಕ್ಷೇತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟಿರುವುದು ಸೈಕ್ಲೋಫಿಲಿನ್ನಿನ ಕಥೆಯೇ. 2004ರಲ್ಲಿ ಲ್ಯೂಬನ್ ತಂಡ ದಕ್ಷಿಣ ಅಮೆರಿಕದ ಗೂಬೆ ಕೋತಿಯಲ್ಲಿ ವಿಚಿತ್ರ ಪ್ರೋಟೀನೊಂದನ್ನು ಕಂಡಿತು. ಗ್ಯಾಗ್ ಪ್ರೋಟೀನಿನಿಂದಲೇ ರೂಪುಗೊಳ್ಳುವ ವೈರಸ್ಸಿನ ಒಳಕವಚವಾದ ಕ್ಯಾಪ್ಸಿಡ್ಡನ್ನು ಹಿಡಿಯುವ ಟ್ರಿಮ್5 ಎಂಬ ಕಾವಲು ಪ್ರೋಟೀನಿಗೆ ಸೈಕ್ಲೋಫಿಲಿನ್ ಬೆಸೆದುಕೊಂಡಿತ್ತು. ವೈರಸ್ ಆಸರೆಗೆ ಹಿಡಿಯುವ ಅಣುವೇ ಆ ಕೋತಿಯಲ್ಲಿ ಬಲೆಯಾಗಿದೆ! 2013ರಲ್ಲಿ ಲಂಡನ್ನಿನ ಗ್ರೆಗ್ ಟವರ್ಸ್ ತಂಡ, ಸೈಕ್ಲೋಫಿಲಿನ್ ಅಥವಾ ಸಿಪಿಎಸ್‌ಎಫ್6 ಎಂಬ ಇನ್ನೊಂದು ಮಾನವ ಪ್ರೋಟೀನಿನ ನಂಟು ತಪ್ಪಿದ ವೈರಸ್ ಮ್ಯಾಕ್ರೊಫೇಜು ಎಂಬ ರೋಗನಿರೋಧಕ ಕೋಶಗಳಲ್ಲಿ ಇಂಟರ್ಫೆರಾನ್ ಎಂಬ ಎಚ್ಚರಿಕೆಯನ್ನು ಎಬ್ಬಿಸುತ್ತದೆಂದು ತೋರಿಸಿತು. ಕ್ಯಾಪ್ಸಿಡ್ಡಿಗೆ ಅಂಟಿದ ಸೈಕ್ಲೋಫಿಲಿನ್ ಮನುಷ್ಯರ ಟ್ರಿಮ್5 ಹತ್ತಿರ ಬಾರದಂತೆ ತಡೆಯುತ್ತದೆ ಎಂಬ ವಿವರಣೆ 2020ರ ಹೊತ್ತಿಗೆ ಗಟ್ಟಿಯಾಯಿತು. 1993ರ ಪ್ರಶ್ನೆಗೆ ಇಷ್ಟು ಕಾಲ ಹಿಡಿಯಿತು.

ಸುಪ್ತವಾಗಿ ಉಳಿಯುವುದೂ ತಪ್ಪಿಸಿಕೊಳ್ಳುವ ಒಂದು ಬಗೆ. ಕೋಶದ ಡಿಎನ್‌ಎಯಲ್ಲಿ ಸೇರಿಕೊಂಡ ವೈರಸ್ ಎಚ್ಚರಗೊಳ್ಳಲು ಕೋಶದ ಎನ್‌ಎಫ್-ಕಪ್ಪಾಬಿ ಪ್ರೋಟೀನನ್ನು ನೆಚ್ಚಿಕೊಂಡಿದೆ. ಭಾರತದಲ್ಲಿ ಹೆಚ್ಚಾಗಿರುವ ಎಚ್‌ಐವಿಯ ಸಿ ಉಪಬಗೆಯಲ್ಲಿ ಈ ಪ್ರೋಟೀನು ಕೂರುವ ತಾಣಗಳು ಸಾಮಾನ್ಯವಾಗಿ ಮೂರು. ನಾಲ್ಕು ತಾಣಗಳಿರುವ ತಳಿಗಳ ಬಗ್ಗೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ 2012ರಲ್ಲಿ ವರದಿ ಮಾಡಿತು. ನಮ್ಮ ರೋಗಿಗಳಲ್ಲಿರುವ ವೈರಸ್ಸನ್ನು ನಾವೇ ಓದಬೇಕು. ಪಶ್ಚಿಮದ ಪ್ರಯೋಗಾಲಯಗಳು ಬಹುಕಾಲ ಬಿ ಉಪಬಗೆಯನ್ನೇ ಓದಿದವು.

ಕ್ಯಾಪ್ಸಿಡ್ಡಿನ ಬಗೆಗಿನ ಜ್ಞಾನದಿಂದ ಔಷಧವೂ ಹುಟ್ಟಿದೆ. 2022ರಲ್ಲಿ ಅನುಮತಿ ಪಡೆದ ಲೆನಕಾಪವಿರ್, ಕ್ಯಾಪ್ಸಿಡ್ಡಿನಲ್ಲಿ ಸಿಪಿಎಸ್‌ಎಫ್6 ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಇದನ್ನು ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಯುವತಿಯರಲ್ಲಿ ಸೋಂಕು ತಡೆಗಟ್ಟಲು ನಡೆದ ಪ್ರಯೋಗದಲ್ಲಿ ಈ ಚುಚ್ಚುಮದ್ದು ಪಡೆದ 2,134 ಮಂದಿಯಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ವರದಿಯಾಯಿತು.