ಹೆಸರಿಲ್ಲದ ಕ್ಯಾಸೆಟ್ಟುಗಳು

ದಾವಣಗೆರೆಯ ನಮ್ಮ ಓಣಿಯ ಮಕ್ಕಳಲ್ಲಿ ಯಾರೊಬ್ಬರೂ ಅದನ್ನು ಕಾರ್ಟ್ರಿಜ್ ಎಂದು ಕರೆದುದನ್ನು ನಾನು ಕೇಳಲಿಲ್ಲ. ನಮಗೆ ಅದು ಕ್ಯಾಸೆಟ್ಟು. ಹಾಡಿನ ಕ್ಯಾಸೆಟ್ಟು ಒಂದು, ಆಟದ ಕ್ಯಾಸೆಟ್ಟು ಇನ್ನೊಂದು. ಎರಡೂ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳು. ಎರಡನ್ನೂ ಯಂತ್ರದ ಬಾಯಿಗೆ ತುರುಕಬೇಕು. ಹೀಗಿರುವಾಗ ಹೆಸರು ಒಂದೇ ಆದದ್ದರಲ್ಲಿ ಆಶ್ಚರ್ಯವೇನು? ಇಂಗ್ಲಿಷ್ ಬಲ್ಲ ಹಿರಿಯರು ಇದನ್ನು ಕೇಳಿ ನಕ್ಕು ನಮ್ಮನ್ನು ತಿದ್ದುತ್ತಿದ್ದುದುಂಟು. ಆದರೆ ನಾವು ಆಡುತ್ತಿದ್ದ ಯಂತ್ರದ ಮೂಲ ಹುಟ್ಟಿದ ಜಪಾನಿನಲ್ಲಿ ಅಲ್ಲಿಯ ಮಕ್ಕಳೂ ಅದನ್ನು 'ಕಾಸೆಟ್ಟೊ' ಎಂದೇ ಕರೆಯುತ್ತಿದ್ದರೆಂಬುದು ಬಹಳ ವರ್ಷಗಳ ಮೇಲೆ ನನಗೆ ತಿಳಿಯಿತು. ಕ್ಯೋಟೋದ ಹುಡುಗನಿಗೂ ದಾವಣಗೆರೆಯ ಹುಡುಗನಿಗೂ ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ ಒಂದೇ ಮಾತು ಹೊಳೆದಿತ್ತು.

ಮಕ್ಕಳ ಆಟದ ಸಾಮಾನಿಗೂ ಒಂದು ಇತಿಹಾಸವೇ ಎಂದು ವಾಚಕರು ಕೇಳಬಹುದು. ತಂದೆಯವರ ಮನೆಯನ್ನು ತೆರವು ಮಾಡಬೇಕಾಗಿ ಬಂದಾಗ ಗುಜರಿಯವನೂ ನನ್ನನ್ನು ಬೇರೆ ಮಾತಿನಲ್ಲಿ ಅದನ್ನೇ ಕೇಳಿದ. ಅಟ್ಟದ ಮೇಲಿನ ಟ್ರಂಕಿನಲ್ಲಿ 26 ಕ್ಯಾಸೆಟ್ಟುಗಳು ಇದ್ದುವು. ಆತ ಒಂದನ್ನು ಕೈಯಲ್ಲಿ ತೂಗಿ ನೋಡಿ, "ಇದು ಪ್ಲಾಸ್ಟಿಕ್ ಲೆಕ್ಕಕ್ಕೇ ಹೋಗೋದು ಸಾರ್" ಎಂದ. ಫೋನಿನಲ್ಲಿ ಅಕ್ಕನನ್ನು ಕೇಳಿದೆ. "ಕೊಟ್ಟುಬಿಡೋ, ಇಟ್ಕೊಂಡು ಪೂಜೆ ಮಾಡ್ತೀಯೇನು?" ಎಂದಳು. ಅವುಗಳ ಮೇಲಿದ್ದ ಬಾಲ್‌ಪೆನ್ನಿನ ಬರಹವೆಲ್ಲ ಅವಳದೇ. ಆ ಬರಹದಿಂದಾಗಿಯೇ ನಾನು ಅವನ್ನು ಕೊಡಲಿಲ್ಲ. ಏಕೆಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಟೆಲಿವಿಷನ್ನಿನ ಮೇಲೆ ಆಡುವ ಆಟದ ಯಂತ್ರ ಮೊದಲು ಮಾರುಕಟ್ಟೆಗೆ ಬಂದದ್ದು 1972ರಲ್ಲಿ, ಅಮೆರಿಕದಲ್ಲಿ. ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಆ ಯಂತ್ರಕ್ಕೂ ಚುಚ್ಚುವ ಬಿಲ್ಲೆಗಳಿದ್ದುವು. ಆದರೆ ಅವುಗಳ ಕೆಲಸ ಯಂತ್ರದೊಳಗಿನ ತಂತಿಗಳನ್ನು ಬೇರೆ ಬೇರೆಯಾಗಿ ಜೋಡಿಸುವುದಷ್ಟೆ. ಆಟವೆಲ್ಲ ಯಂತ್ರದ ಹೊಟ್ಟೆಯಲ್ಲೇ ಇರುತ್ತಿತ್ತು. ಆಟವನ್ನೇ ಒಂದು ಡಬ್ಬಿಯಲ್ಲಿ ಬರೆದಿಟ್ಟು, ಬೇಕಾದಾಗ ಯಂತ್ರಕ್ಕೆ ಸಿಕ್ಕಿಸುವ ಆಲೋಚನೆ ಆಲ್ಪೆಕ್ಸ್ ಎಂಬ ಸಣ್ಣ ಕಂಪನಿಯ ವ್ಯಾಲೆಸ್ ಕಿರ್ಷ್ನರ್ ಮತ್ತು ಲಾರೆನ್ಸ್ ಹ್ಯಾಸ್ಕೆಲ್ ಎಂಬಿಬ್ಬರದು. ಅದನ್ನು ಅಂಗಡಿಯಲ್ಲಿ ಮಾರುವಂಥ ಸರಕನ್ನಾಗಿ ಮಾಡಿದವರು ಫೇರ್‌ಚೈಲ್ಡ್ ಕಂಪನಿಯವರು. ಆ ಕೆಲಸದ ಮುಂದಾಳು ಜೆರ್ರಿ ಲಾಸನ್ ಎಂಬ ಕಪ್ಪು ಜನಾಂಗದ ಎಂಜಿನಿಯರು. ಮಗು ನೂರು ಸಾರಿ ಹಾಕಿ ತೆಗೆದರೂ ಸವೆಯಬಾರದು, ಹಾಕುವಾಗ ಕರೆಂಟು ಸಿಡಿದು ಒಳಗಿನ ಚಿಪ್ಪು ಸುಡಬಾರದು. ಇಂಥ ಚಿಕ್ಕ ಚಿಕ್ಕ ತೊಡಕುಗಳನ್ನು ಬಿಡಿಸಿ 1976ರಲ್ಲಿ ಅವರು 'ಚಾನೆಲ್ ಎಫ್' ಎಂಬ ಯಂತ್ರವನ್ನು ಹೊರತಂದರು. ಮರುವರ್ಷ ಬಂದ ಅಟಾರಿ ಯಂತ್ರ ಕೀರ್ತಿಯನ್ನೆಲ್ಲ ಬಾಚಿಕೊಂಡಿತು. ಲಾಸನ್ 2011ರಲ್ಲಿ ತೀರಿಕೊಂಡರು. ನಮ್ಮ ಟ್ರಂಕಿನ ಒಂದೊಂದು ಕ್ಯಾಸೆಟ್ಟೂ ಅವರ ಕೆಲಸದ ವಂಶಕ್ಕೆ ಸೇರಿದ್ದು.

ಈ ಕಸುಬಿನಲ್ಲಿ ಮಾಡಿದವನ ಹೆಸರು ಮರೆಯಾಗುವುದು ಮೊದಲಿನಿಂದ ಬಂದ ಪದ್ಧತಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತಾನು ಕಡೆದ ವಿಗ್ರಹದ ಕೆಳಗೆ ಹೆಸರು ಕೆತ್ತಬಹುದಾಗಿತ್ತು. ಅಟಾರಿಯಲ್ಲಿ ಆಟ ಬರೆದವನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. 1979ರಲ್ಲಿ ನಾಲ್ವರು ಹೊರಬಂದು ಆಕ್ಟಿವಿಷನ್ ಎಂಬ ಕಂಪನಿಯನ್ನು ಕಟ್ಟಿದರು. ತಮ್ಮ ಕೆಲಸಕ್ಕೆ ತಮ್ಮ ಹೆಸರಿಲ್ಲವೆಂಬುದು ಅವರ ದೂರುಗಳಲ್ಲೊಂದು. ವಾರನ್ ರಾಬಿನೆಟ್ ಎಂಬವನು ಇನ್ನೂ ಚತುರ. 1980ರಲ್ಲಿ ಬಂದ 'ಅಡ್ವೆಂಚರ್' ಎಂಬ ತನ್ನ ಆಟದಲ್ಲಿ ಅವನು ಒಂದು ಗುಪ್ತ ಕೋಣೆಯನ್ನು ಮಾಡಿ, ಅದರೊಳಗೆ ಇದನ್ನು ಮಾಡಿದವನು ತಾನೆಂದು ಬರೆದಿಟ್ಟ. ಆ ಕೋಣೆಯ ಸುದ್ದಿ ಕಂಪನಿಗೆ ತಿಳಿಯುವ ಹೊತ್ತಿಗೆ ಅವನು ಕೆಲಸ ಬಿಟ್ಟು ಹೋಗಿದ್ದ.

ಇನ್ನು ನಮ್ಮ ಕ್ಯಾಸೆಟ್ಟುಗಳ ವಿಚಾರ. ಕಪಿಲ್ ದೇವನ ತಂಡ ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ ಗೆದ್ದ ಇಪ್ಪತ್ತನೆಯ ದಿನ, ಎಂದರೆ 1983ರ ಜುಲೈ 15ರಂದು, ಜಪಾನಿನ ನಿಂಟೆಂಡೊ ಕಂಪನಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದನ್ನು ರೂಪಿಸಿದವರು ಮಸಾಯುಕಿ ಉಎಮುರ. ಅದರ ಕ್ಯಾಸೆಟ್ಟಿಗೆ ಅರುವತ್ತು ಹಲ್ಲು. 1985ರಲ್ಲಿ ಬಂದ ಸೂಪರ್ ಮಾರಿಯೋ ಆಟವೆಲ್ಲ ಇಂಥ ಒಂದು ಡಬ್ಬಿಯೊಳಗೆ ಕೇವಲ 40 ಕಿಲೋಬೈಟಿನಲ್ಲಿ ಅಡಗಿತ್ತು. ಕಂಪ್ಯೂಟರು ಕನ್ನಡದ ಒಂದೊಂದು ಅಕ್ಷರ, ಗುಣಿತಚಿಹ್ನೆಗೂ ಮೂರು ಬೈಟು ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ನೀವು ಓದುತ್ತಿರುವ ಈ ಲೇಖನವೂ ಹೆಚ್ಚುಕಡಿಮೆ ಅಷ್ಟೇ ಜಾಗ ಹಿಡಿದೀತು. ಅಷ್ಟರಲ್ಲಿ ಅವರು ಆಕಾಶ, ಪಾತಾಳ, ಕೋಟೆ, ಸಂಗೀತ ಎಲ್ಲವನ್ನೂ ಹೂಡಬೇಕು. ಆದ್ದರಿಂದ ಮೋಡವನ್ನೂ ಪೊದೆಯನ್ನೂ ಒಂದೇ ಚಿತ್ರದಿಂದ ಮಾಡಿದರು. ಬಿಳಿ ಬಣ್ಣ ಬಳಿದು ಮೇಲಿಟ್ಟರೆ ಮೋಡ, ಹಸಿರು ಬಳಿದು ನೆಲದ ಮೇಲಿಟ್ಟರೆ ಪೊದೆ. ವರ್ಷಗಟ್ಟಲೆ ಆಡಿದ ನಮಗೆ ಇದು ಕಾಣಲೇ ಇಲ್ಲವೆಂದರೆ ಅವರ ಜಾಣತನ ಎಷ್ಟೆಂದು ಊಹಿಸಬಹುದು.

ಅಮೆರಿಕಕ್ಕೆ ಈ ಯಂತ್ರ ಹೋದಾಗ ಅದರೊಳಗೆ ಒಂದು ಬೀಗದ ಚಿಪ್ಪು ಸೇರಿತು. ಒಪ್ಪಿಗೆಯಿಲ್ಲದ ಕ್ಯಾಸೆಟ್ಟು ಹಾಕಿದರೆ ಅದು ನಡೆಯಗೊಡದು. ಜಪಾನಿನ ಯಂತ್ರಕ್ಕೆ ಆ ಬೀಗ ಇರಲಿಲ್ಲ. ತೈವಾನಿನ ಕಾರ್ಖಾನೆಗಳು ಅದರ ಚಿಪ್ಪುಗಳಿಗೆ ಪಡಿಯಚ್ಚು ತೆಗೆದುವು. ಆಮೇಲೆ ಅದೇ ಯಂತ್ರ ಊರೂರಿಗೆ ಬೇರೆ ಬೇರೆ ಹೆಸರಿನಲ್ಲಿ ಹೊರಟಿತು. ರಷ್ಯದಲ್ಲಿ 1992ರ ಕೊನೆಯಿಂದ ಅದು 'ಡೆಂಡಿ', ಪೋಲೆಂಡಿನಲ್ಲಿ 'ಪೆಗಾಸಸ್', ಚೀನದಲ್ಲಿ 'ಸುಬೋರ್'. ನಮ್ಮಲ್ಲಿ ಡಬ್ಬಿಯ ಮೇಲೆ ಏನೇ ಬರೆದಿದ್ದರೂ ಬಾಯಲ್ಲಿ ಅದು 'ಟಿ.ವಿ. ಗೇಮ್' ಮಾತ್ರ. ವಿದೇಶದ ಗೃಹಬಳಕೆಯ ಸರಕಿನ ಆಮದಿಗೆ ಇದ್ದ ಕಟ್ಟುಪಾಡು ನಮ್ಮ ದೇಶದಲ್ಲಿ ಪೂರ್ತಿ ಸಡಿಲಾದದ್ದು 2001ರಲ್ಲಿ. ಅದಕ್ಕೂ ಮುಂಚಿನ ಮಾತು ಇದು. ನಮ್ಮ ಕ್ಯಾಸೆಟ್ಟುಗಳು ಬರುತ್ತಿದ್ದುದು ಬಸ್ ನಿಲ್ದಾಣದ ಬಳಿಯ ಒಂದು ವಾಚು ರಿಪೇರಿ ಅಂಗಡಿಯಿಂದ. ಹಳೆಯದನ್ನು ಕೊಟ್ಟು ಮೇಲೆ ಇಪ್ಪತ್ತು ರೂಪಾಯಿ ಇಟ್ಟರೆ ಬೇರೊಂದು ಕೊಡುತ್ತಿದ್ದರು. ಎಲ್ಲಿಂದ ತರಿಸುತ್ತೀರೆಂದು ಕೇಳಿದರೆ "ಮದ್ರಾಸು" ಎನ್ನುವರು. ಅದರಾಚೆಗೆ ಅವರೂ ಹೇಳರು, ನಾವೂ ಕೇಳೆವು.

ಈ ನಕಲುಗಳ ಲಕ್ಷಣವೇ ಬೇರೆ. ಹಳದಿ, ಕೆಂಪು, ನೀಲಿಯ ಡಬ್ಬಿ. ಬಿಚ್ಚಿದರೆ ಚಿಪ್ಪಿನ ಬದಲು ಕರಿ ಮೇಣ ಸುರಿದಂತೆ ಒಂದು ಗುಬಟು. ಮೇಲೆ '9999 ಇನ್ 1' ಎಂಬ ಘೋಷಣೆ. ಹಾಕಿ ನೋಡಿದರೆ ಇದ್ದ ಆರೇಳು ಆಟಗಳೇ ಬೇರೆ ಬೇರೆ ಹೆಸರು ತೊಟ್ಟು ಸಾಲುಗಟ್ಟಿ ಬರುವುವು. ಮಾರಿಯೋ ಆಟ ಶುರುವಾಗುವ ಪರದೆಯಲ್ಲಿ ತಯಾರಕರ ಹೆಸರೂ ವರ್ಷವೂ ಇರಬೇಕಾದ ಸಾಲು ನಮ್ಮ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಅಳಿಸಿಬಿಟ್ಟಿದ್ದರು. ಹೀಗೆ ಮಾಡಿದವರ ಹೆಸರು ಎರಡು ಸಲ ಅಳಿಯಿತು. ಕಂಪನಿ ಒಂದು ಸಲ ಮರೆಮಾಡಿತು, ನಕಲು ತೆಗೆದವನು ಇನ್ನೊಂದು ಸಲ ಒರೆಸಿದ.

ಇದು ಕಳವು ಅಲ್ಲವೆ ಎಂದರೆ, ಹೌದು, ಕಳವೇ. ನಾವು ಕೊಟ್ಟ ಹಣದಲ್ಲಿ ಒಂದು ಕಾಸೂ ಆಟ ಬರೆದವರಿಗೆ ಹೋಗಲಿಲ್ಲ. ಆದರೆ ಇತಿಹಾಸ ಬರೆಯುವವನು ಇಲ್ಲಿಗೆ ನಿಲ್ಲುವಂತಿಲ್ಲ. ಆ ದಾರಿಯಲ್ಲಿ ಏನೇನು ನಡೆದುಬಂತೆಂಬುದನ್ನೂ ನೋಡಬೇಕು. 'ಬ್ಯಾಟಲ್ ಸಿಟಿ' ಎಂಬ ಆಟವನ್ನು ತೆಗೆದುಕೊಳ್ಳಿ. ಇಬ್ಬರು ಜೊತೆಯಾಗಿ ಟ್ಯಾಂಕು ಓಡಿಸುತ್ತ, ಇಟ್ಟಿಗೆ ಗೋಡೆಯೊಳಗಿನ ಹದ್ದಿನ ಲಾಂಛನವನ್ನು ಶತ್ರುಗಳಿಂದ ಕಾಯಬೇಕು. 35 ಮಜಲುಗಳು, ಅವು ಸಾಲದೆಂದರೆ ಇಟ್ಟಿಗೆ, ನೀರು, ಮರಗಳನ್ನು ನಾವೇ ಜೋಡಿಸಿ ನಮ್ಮದೇ ಒಂದು ರಣರಂಗ ಮಾಡಿಕೊಳ್ಳಬಹುದು. ನಾಮ್ಕೊ ಕಂಪನಿ 1985ರಲ್ಲಿ ಜಪಾನಿಗಾಗಿ ಮಾಡಿದ ಈ ಆಟ, ಅಮೆರಿಕದ ನಿಂಟೆಂಡೊ ಯಂತ್ರಕ್ಕೆ ಆ ಕಾಲದಲ್ಲಿ ಬರಲೇ ಇಲ್ಲ. ಅಲ್ಲಿಯ ಸಾಹುಕಾರರ ಮಕ್ಕಳಿಗೆ ದೊರೆಯದ ಆಟವನ್ನು ಮಾಸ್ಕೋದ ಮಕ್ಕಳೂ ದಾವಣಗೆರೆಯ ಗಿರಣಿ ಕೆಲಸಗಾರರ ಮಕ್ಕಳೂ ಆಡಿದರು. ಕಂಪನಿಯ ಮಾರಾಟದ ಲೆಕ್ಕದಲ್ಲಿ ನಮ್ಮ ಸುಳಿವು ಸಿಗುವುದಿಲ್ಲ. ಅದರ ಸಾಕ್ಷಿ ಇರುವುದು ಇಂಥ ಟ್ರಂಕುಗಳಲ್ಲಿ.

ಅಕ್ಕನ ಬರಹದ ಮಾತಿಗೆ ಈಗ ಬರುತ್ತೇನೆ. ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ ಇದ್ದದ್ದು ಚೀನೀ ಲಿಪಿಯೊ ಜಪಾನೀ ಲಿಪಿಯೊ ನಮಗೆ ತಿಳಿಯದು. ಚಿತ್ರಕ್ಕೂ ಒಳಗಿನ ಆಟಕ್ಕೂ ಸಂಬಂಧವಿರದು. ಅದಕ್ಕಾಗಿ ಅವಳು ನೋಟುಪುಸ್ತಕದ ಹಾಳೆ ಕತ್ತರಿಸಿ, ಅಂಟಿಸಿ, ತಾನೇ ನಾಮಕರಣ ಮಾಡಿದಳು. ಬ್ಯಾಟಲ್ ಸಿಟಿಗೆ 'ಹದ್ದು ಕಾಯೋ ಆಟ'. ಓಡುತ್ತ ಓಡುತ್ತ ಹಣ್ಣು ತಿನ್ನದಿದ್ದರೆ ಸತ್ತೇಹೋಗುವ 'ಅಡ್ವೆಂಚರ್ ಐಲೆಂಡಿ'ನ ನಾಯಕನಿಗೆ 'ಹಸಿದ ಹುಡುಗ'. 'ಲೋಡ್ ರನ್ನರ್' ಅವಳ ಬಾಯಲ್ಲಿ 'ಗುಂಡಿ ತೋಡೋದು'. ಬೆಂಕಿಯ ಬಳೆಯಲ್ಲಿ ಹಾರುವ 'ಸರ್ಕಸ್ ಚಾರ್ಲಿ', 'ಸಿಂಹದ ಸರ್ಕಸ್ಸು'. 'ಕಾಂಟ್ರಾ' ಡಬ್ಬಿಯ ಬೆನ್ನಿನ ಮೇಲೆ ಬಾಣದ ಗುರುತುಗಳ ಒಂದು ಸಾಲು: ಮೇಲೆ ಎರಡು, ಕೆಳಗೆ ಎರಡು, ಎಡ ಬಲ, ಎಡ ಬಲ, ಬಿ, ಎ. ಅದನ್ನು ಸರಿಯಾಗಿ ಒತ್ತಿದರೆ ಮೂರರ ಬದಲು ಮೂವತ್ತು ಪ್ರಾಣ. ಕೊನಾಮಿ ಕಂಪನಿಯ ಕಜುಹಿಸ ಹಾಶಿಮೊಟೊ ಎಂಬವರು 1986ರಲ್ಲಿ 'ಗ್ರೇಡಿಯಸ್' ಆಟವನ್ನು ಪರೀಕ್ಷಿಸುವಾಗ, ಅದು ತಮಗೇ ಕಠಿಣವಾಯಿತೆಂದು ಈ ಉಪಾಯ ಮಾಡಿಕೊಂಡಿದ್ದರು. ಅವರು 2020ರಲ್ಲಿ ನಿಧನರಾದರು. ಅವರು ಹೊಸೆದ ಮಂತ್ರ ಯಾವ ಪತ್ರಿಕೆಯ ಸಹಾಯವೂ ಇಲ್ಲದೆ, ಬಾಯಿಂದ ಬಾಯಿಗೆ ದಾಟಿ, ಒಂದಕ್ಷರ ತಪ್ಪದೆ ನಮ್ಮ ಓಣಿಯನ್ನು ಮುಟ್ಟಿತ್ತು.

ಕ್ಯಾಸೆಟ್ಟುಗಳ ಸದ್ಯದ ಸ್ಥಿತಿಯನ್ನೂ ಹೇಳಬೇಕು. ಆಟ ಮೊದಲಾಗದಿದ್ದರೆ ಅದರ ಹಲ್ಲಿಗೆ ಬಾಯಿಂದ ಊದುವುದು ಅಂದಿನ ಮಕ್ಕಳೆಲ್ಲರ ಚಿಕಿತ್ಸೆ. ನಿಜವಾಗಿ ಕೆಲಸ ಮಾಡುತ್ತಿದ್ದುದು ತೆಗೆದು ಮತ್ತೆ ಹಾಕುವ ಕ್ರಿಯೆ. ಉಸಿರಿನ ತೇವ ಹಲ್ಲಿಗೆ ಕಿಲುಬು ಹಿಡಿಸುತ್ತದೆ. ಆ ಕಿಲುಬನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಂದೊಂದಾಗಿ ಹಾಕಿ ನೋಡಿದೆ. 26ರಲ್ಲಿ 17 ನಡೆದುವು. ಬಾತುಕೋಳಿ ಹೊಡೆಯುವ ಬಂದೂಕು ಮಾತ್ರ ಹೊಸ ಟಿ.ವಿ.ಯ ಮುಂದೆ ಪ್ರಯೋಜನಕ್ಕೆ ಬರಲಿಲ್ಲ. ಹಳೆಯ ಗಾಜಿನ ಪಿಕ್ಚರ್ ಟ್ಯೂಬಿನ ಬೆಳಕು ಕ್ಷಣಮಾತ್ರ ಮಿನುಗುವುದನ್ನು ಹಿಡಿದು ಅದು ಗುರಿ ಎಣಿಸುತ್ತಿತ್ತು. ಚಪ್ಪಟೆ ಪರದೆಯಲ್ಲಿ ಆ ಮಿನುಗು ಅದಕ್ಕೆ ಬೇಕಾದ ಹೊತ್ತಿಗೆ ಸರಿಯಾಗಿ ಬಾರದು.

ದೂರದ ದೇಶಗಳಲ್ಲಿ ಇವುಗಳ ಬೆಲೆಯನ್ನು ತಡವಾಗಿಯಾದರೂ ಅರಿತರು. 1983ರಲ್ಲಿ ಅಟಾರಿ ಕಂಪನಿ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಲಾರಿಗಟ್ಟಲೆ ತಂದು ನ್ಯೂ ಮೆಕ್ಸಿಕೋದ ಆಲಮೊಗಾರ್ಡೊ ಊರಿನ ತಿಪ್ಪೆಯಲ್ಲಿ ಹೂಳಿತ್ತು. 2014ರಲ್ಲಿ ಅದನ್ನು ಅಗೆದು ಸುಮಾರು 1,300 ಕ್ಯಾಸೆಟ್ಟುಗಳನ್ನು ಹೊರತೆಗೆದರು. ಅದರಲ್ಲೊಂದು ಇಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹದಲ್ಲಿದೆ. ಕೋಜಿ ಕೊಂಡೊ ಕಟ್ಟಿದ ಮಾರಿಯೋ ರಾಗವನ್ನು 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡತಕ್ಕ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಇಷ್ಟಾದರೂ, 2010ಕ್ಕೆ ಮೊದಲು ಅಮೆರಿಕದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87 ಅಂಗಡಿಯಲ್ಲಿ ದೊರೆಯುವುದಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿತು. ಅಸಲಿನ ಪಾಡೇ ಹೀಗಿರುವಾಗ ನಕಲನ್ನು ಕೇಳುವವರು ಯಾರು? ಅದರ ಮೇಲಿನ ಕನ್ನಡದ ಚೀಟಿಯನ್ನಂತೂ ಯಾವ ಪರದೇಶದ ಪಂಡಿತನೂ ಓದಲಾರ.

ನಾನು ಮಾಡಿದ್ದು ಇಷ್ಟೆ: ಒಂದು ಪುಸ್ತಕದಲ್ಲಿ ನಾಲ್ಕು ಅಂಕಣ ಹಾಕಿದೆ. ಮೊದಲನೆಯದರಲ್ಲಿ ನಕಲಿನ ಮೇಲಿದ್ದ ಹೆಸರು, ಎರಡನೆಯದರಲ್ಲಿ ಅಕ್ಕ ಇಟ್ಟ ಹೆಸರು, ಮೂರನೆಯದರಲ್ಲಿ ಆಟದ ನಿಜವಾದ ಹೆಸರೂ ವರ್ಷವೂ, ನಾಲ್ಕನೆಯದರಲ್ಲಿ ಅದನ್ನು ಮಾಡಿದವರು. 'ಗುಂಡಿ ತೋಡೋದು' ಎಂಬುದರ ಎದುರಿಗೆ ಡಗ್ಲಸ್ ಸ್ಮಿತ್ ಎಂದು ಬರೆದೆ. ವಿದ್ಯಾರ್ಥಿಯಾಗಿದ್ದಾಗಲೇ ಆ ಆಟವನ್ನು ಕಟ್ಟಿದವನು ಅವನು. ಮಾರಿಯೋ ಎದುರಿಗೆ ಮಿಯಾಮೊಟೊ, ತೆಜುಕ, ಕೊಂಡೊ. ನಾವು ಕೊಡದೆ ಉಳಿಸಿಕೊಂಡ ಹಣವನ್ನು ಈಗ ಹಿಂದಿರುಗಿಸಲು ಬಾರದು, ಹೆಸರನ್ನು ಹಿಂದಿರುಗಿಸಬಹುದು.

ಪಟ್ಟಿ ಇನ್ನೂ ಮುಗಿದಿಲ್ಲ. ಹುಬ್ಬಳ್ಳಿಯಲ್ಲಿಯೂ ಮಂಗಳೂರಿನಲ್ಲಿಯೂ ಮಕ್ಕಳು ಇದೇ ಆಟಗಳಿಗೆ ಬೇರೆ ಹೆಸರು ಇಟ್ಟಿದ್ದಿರಬೇಕು. ವಾಚಕರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇಂಥ ಡಬ್ಬಿಗಳಿದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ಅವುಗಳ ಬೆನ್ನು ತಿರುಗಿಸಿ ನೋಡಲಿ. ಅಲ್ಲಿ ಬರೆದಿರುವುದನ್ನು ಒಂದು ಹಾಳೆಯ ಮೇಲೆ ಇಳಿಸಿಕೊಳ್ಳಲಿ. ಬರೆದವರು ಬದುಕಿದ್ದರೆ, ಆ ಹೆಸರು ಏಕೆ ಇಟ್ಟಿರೆಂದು ಈಗಲೇ ಕೇಳಿ ತಿಳಿದುಕೊಳ್ಳಲಿ.